ವ್ಯವಹಾರದ ವಿಮಾನ ಪ್ರಯಾಣ: ಯಾವ ದರದ ಟಿಕೆಟ್, ಯಾವ ಸೀಟು? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ ಸಮಗ್ರ ಮಾರ್ಗದರ್ಶಿ

ವಸಂತನರಸಾಪುರದ ಕಾರ್ಖಾನೆಯಿಂದ ಪುಣೆಗೆ ಹೊರಟವರಿಗೆ ಹೋಗುವ ಹೊತ್ತು ಖಚಿತವಾಗಿ ಗೊತ್ತಿರುತ್ತದೆ, ಬರುವ ಹೊತ್ತು ಗೊತ್ತಿರುವುದಿಲ್ಲ. ಪಾರ್ಟಿ ಸಂಜೆ ನಾಲ್ಕಕ್ಕೆ ಸಿಗುತ್ತೇನೆಂದು ಹೇಳಿ ಆರಕ್ಕೆ ಬರುತ್ತಾರೆ, ಇನ್ಸ್‌ಪೆಕ್ಷನ್ ಮರುದಿನಕ್ಕೆ ಹೋಗುತ್ತದೆ, ಚೆಕ್‌ಗೆ ಸಹಿ ಹಾಕುವವರು ಊರಲ್ಲಿರುವುದಿಲ್ಲ. ಆದರೂ ಹೆಚ್ಚಿನವರು ಹೋಗುವ ಟಿಕೆಟ್ಟನ್ನೂ ಬರುವ ಟಿಕೆಟ್ಟನ್ನೂ ಒಂದೇ ಅಗ್ಗದ ದರದಲ್ಲಿ ತೆಗೆದು, ಆಮೇಲೆ ಬದಲಾವಣೆ ಶುಲ್ಕಕ್ಕೆ ದುಡ್ಡು ಸುರಿಯುತ್ತಾರೆ. ಈ ಮಾರ್ಗದರ್ಶಿಯ ಮುಖ್ಯ ಮಾತು ಇಷ್ಟೇ: ಹೋಗುವುದು ಬೇರೆ, ಬರುವುದು ಬೇರೆ ಎಂದು ನೋಡಿ. ಎರಡಕ್ಕೂ ದರ ಬೇರೆ ಆರಿಸಿ, ಸೀಟು ಬೇರೆ ಆರಿಸಿ. ಉಳಿದದ್ದೆಲ್ಲ ಇದನ್ನು ಹೇಗೆ ಮಾಡುವುದು ಎಂಬ ವಿವರ.

ಮೊದಲು ರಸ್ತೆಯ ಲೆಕ್ಕ

ನಮ್ಮ ಮೂರೂ ಜಿಲ್ಲೆಗಳಿಗೆ ವಿಮಾನ ನಿಲ್ದಾಣವೆಂದರೆ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಚಿಕ್ಕಬಳ್ಳಾಪುರದವರು ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನೇರವಾಗಿ ಇಳಿದರೆ ಸುಮಾರು 30 ಕಿ.ಮೀ. ಕೋಲಾರದವರಿಗೆ ಹೊಸಕೋಟೆ ಮೇಲೆ ದೇವನಹಳ್ಳಿಗೆ ಬಂದರೆ ಸುಮಾರು 70 ಕಿ.ಮೀ. ತುಮಕೂರಿನವರು ಬೆಂಗಳೂರಿನೊಳಗೆ ನುಗ್ಗುವ ಅಗತ್ಯವೇ ಇಲ್ಲ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಹಿಡಿದರೆ 80–90 ಕಿ.ಮೀ. ಆಗುತ್ತದೆ. ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳದ ಮೂಲಕ ಹೋಗುವುದನ್ನು ಬೆಳಗಿನ ಜಾವಕ್ಕೆ ಮಾತ್ರ ಇಟ್ಟುಕೊಳ್ಳಿ. ಸಂಜೆ ಹೊತ್ತು ಆ ದಾರಿಯಲ್ಲಿ ಗಂಟೆ ಹೇಳಲು ಬರುವುದಿಲ್ಲ.

ದೇಶದೊಳಗಿನ ವಿಮಾನಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವುದಕ್ಕೆ 60 ನಿಮಿಷ ಮೊದಲು ಮುಚ್ಚುತ್ತದೆ, ಬೋರ್ಡಿಂಗ್ ಗೇಟು 25 ನಿಮಿಷ ಮೊದಲು. ಇದರಿಂದ ಹಿಂದಕ್ಕೆ ಎಣಿಸಿ. ಬೆಳಿಗ್ಗೆ 7 ಗಂಟೆಯ ವಿಮಾನಕ್ಕೆ ಲಗೇಜ್ ಹಾಕುವುದಿದ್ದರೆ 5:15ಕ್ಕೆ ಟರ್ಮಿನಲ್ ಬಾಗಿಲಲ್ಲಿರಬೇಕು. ತುಮಕೂರಿನಿಂದ ಎರಡು ಗಂಟೆ ರಸ್ತೆ, ಅರ್ಧ ಗಂಟೆ ಕೈಯಲ್ಲಿರಲಿ ಎಂದರೆ 2:45ಕ್ಕೆ ಮನೆ ಬಿಡಬೇಕು. ಅದೇ 9:30ರ ವಿಮಾನವಾದರೆ 5:15ಕ್ಕೆ ಹೊರಡಬಹುದು. 7 ಗಂಟೆಯದು ಸಾವಿರ ರೂಪಾಯಿ ಅಗ್ಗ ಎಂದು ಅದನ್ನೇ ಹಿಡಿದು, ನಿದ್ದೆಗೆಟ್ಟ ಮುಖದಲ್ಲಿ ಮೀಟಿಂಗಿಗೆ ಕೂರುವುದು ಉಳಿತಾಯವಲ್ಲ. ಚಿಕ್ಕಬಳ್ಳಾಪುರದವರಿಗೆ ಮಾತ್ರ ಬೆಳಗಿನ ವಿಮಾನ ನಿಜಕ್ಕೂ ಲಾಭ. ಆದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ನಂದಿಬೆಟ್ಟದ ಸುತ್ತಮುತ್ತ ಮಂಜು ಕವಿಯುತ್ತದೆ. ಹೆದ್ದಾರಿಯೂ ನಿಧಾನ, ಮೊದಲ ವಿಮಾನಗಳೂ ತಡ.

ವಿಮಾನವೇ ಬೇಕೇ ಎಂದೂ ಕೇಳಿಕೊಳ್ಳಿ. ಕೋಲಾರದಿಂದ ಚೆನ್ನೈಗೆ ಹೋಗಲು ದೇವನಹಳ್ಳಿಗೆ ಬಂದು ಕಾಯುವುದಕ್ಕಿಂತ ಬಂಗಾರಪೇಟೆಯಲ್ಲಿ ರೈಲು ಹತ್ತುವುದು ಅಥವಾ ಮುಳಬಾಗಿಲು ರಸ್ತೆ ಹಿಡಿಯುವುದು ವಾಸಿ. ತುಮಕೂರಿನಿಂದ ಹುಬ್ಬಳ್ಳಿಗೂ ಹಾಗೆಯೇ, ಊರಲ್ಲೇ ರೈಲು ಸಿಗುತ್ತದೆ. ಮುಂಬೈ, ಪುಣೆ, ಅಹಮದಾಬಾದ್, ದೆಹಲಿ, ಕೋಲ್ಕತ್ತ ಎಂದಾಗ ಮಾತ್ರ ವಿಮಾನ ಎಂದು ಇಟ್ಟುಕೊಂಡರೆ ತಪ್ಪಿಲ್ಲ.

ದರದ ಹೆಸರುಗಳ ಹಿಂದೆ ಏನಿದೆ

ಒಂದೇ ವಿಮಾನ, ಒಂದೇ ಎಕಾನಮಿ ಸೀಟು, ಆದರೆ ಮೂರ್ನಾಲ್ಕು ದರ. ಇಂಡಿಗೋದಲ್ಲಿ ಸೇವರ್, ಫ್ಲೆಕ್ಸಿ ಇತ್ಯಾದಿ. ಏರ್ ಇಂಡಿಯಾದಲ್ಲಿ ವ್ಯಾಲ್ಯೂ, ಕ್ಲಾಸಿಕ್, ಫ್ಲೆಕ್ಸ್. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಲೈಟ್, ವ್ಯಾಲ್ಯೂ, ಫ್ಲೆಕ್ಸ್, ಬಿಜ್. ಹೆಸರು ಆಗಾಗ ಬದಲಾಗುತ್ತದೆ, ಆದ್ದರಿಂದ ಹೆಸರು ಬಾಯಿಪಾಠ ಮಾಡಬೇಡಿ. ಪ್ರತಿ ದರದ ಕೆಳಗೆ ಐದು ವಿಷಯ ಮಾತ್ರ ನೋಡಿ: ದಿನಾಂಕ ಬದಲಿಸಲು ಎಷ್ಟು, ರದ್ದು ಮಾಡಲು ಎಷ್ಟು, ಚೆಕ್-ಇನ್ ಲಗೇಜ್ ಎಷ್ಟು ಕಿಲೋ, ಸೀಟು ಸೇರಿದೆಯೇ, ಊಟ ಸೇರಿದೆಯೇ.

ಲೈಟ್ ದರದಲ್ಲಿ ಚೆಕ್-ಇನ್ ಲಗೇಜ್ ಇಲ್ಲವೇ ಇಲ್ಲ. ಒಂದು ದಿನದ ಕೆಲಸಕ್ಕೆ ಹೋಗಿ ಬರುವವರಿಗೆ ಅದು ಸಾಕು. ಆದರೆ ಸ್ಯಾಂಪಲ್ ಪೆಟ್ಟಿಗೆ ಇರುವವರು ಅದನ್ನು ಮುಟ್ಟಬೇಡಿ, ಕೌಂಟರ್‌ನಲ್ಲಿ ಲಗೇಜ್ ಸೇರಿಸಿದರೆ ದರದ ಅಗ್ಗವೆಲ್ಲ ಅಲ್ಲೇ ಮುಗಿಯುತ್ತದೆ. ಸೇವರ್, ವ್ಯಾಲ್ಯೂ ದರಗಳಲ್ಲಿ ದೇಶದೊಳಗೆ ಸಾಮಾನ್ಯವಾಗಿ 15 ಕಿಲೋ ಚೆಕ್-ಇನ್, 7 ಕಿಲೋ ಹ್ಯಾಂಡ್ ಲಗೇಜ್ ಇರುತ್ತದೆ. ಸೀಟು, ಊಟ ಬೇರೆ ದುಡ್ಡು, ಬದಲಾವಣೆಗೆ ಶುಲ್ಕ. ಫ್ಲೆಕ್ಸಿ ಬಗೆಯ ದರಗಳಲ್ಲಿ ಬದಲಾವಣೆ ಶುಲ್ಕ ಇಲ್ಲ ಅಥವಾ ತೀರ ಕಡಿಮೆ, ಜೊತೆಗೆ ಸೀಟು, ತಿಂಡಿ ಸೇರಿರುತ್ತದೆ.

ಫ್ಲೆಕ್ಸಿ ತೆಗೆದವರು ಬಹಳಷ್ಟು ಸಲ ಎಡವುವುದು ಇಲ್ಲಿ: ಬದಲಾವಣೆ ಶುಲ್ಕ ಇಲ್ಲ ಎಂದರೆ ಬದಲಾವಣೆ ಪುಕ್ಕಟೆ ಎಂದಲ್ಲ. ಹೊಸ ವಿಮಾನದ ದರ ಹಳೆಯದಕ್ಕಿಂತ ಹೆಚ್ಚಿದ್ದರೆ ಆ ವ್ಯತ್ಯಾಸವನ್ನು ಎಲ್ಲ ದರದವರೂ ಕಟ್ಟಲೇಬೇಕು. ಮನ್ನಾ ಆಗುವುದು ದಂಡ ಮಾತ್ರ.

ಕಾಗದ, ಪೆನ್ನು ಹಿಡಿದು ಒಂದು ಲೆಕ್ಕ

ಬೆಂಗಳೂರಿಂದ ಪುಣೆಗೆ ಹೋಗಿ ಮಂಗಳವಾರ ಸಂಜೆ ವಾಪಸ್ ಬರುವ ಟಿಕೆಟ್ ಎಂದುಕೊಳ್ಳಿ. ಲೆಕ್ಕಕ್ಕಾಗಿ ಸೇವರ್ 4,800 ರೂ., ಫ್ಲೆಕ್ಸಿ 5,700 ರೂ., ಸೇವರ್‌ನ ಬದಲಾವಣೆ ಶುಲ್ಕ 3,000 ರೂ. ಎಂದು ಹಿಡಿಯೋಣ. ಕೆಲಸ ಮುಗಿಯದೆ ಬುಧವಾರಕ್ಕೆ ಬದಲಿಸಬೇಕಾಯಿತು. ಅಷ್ಟರಲ್ಲಿ ದರ 2,400 ರೂ. ಏರಿದೆ.

ಸೇವರ್‌ನವರು ಕಟ್ಟುವುದು 3,000 + 2,400 = 5,400 ರೂ. ಒಟ್ಟು ಖರ್ಚು 10,200. ಫ್ಲೆಕ್ಸಿಯವರು ಕಟ್ಟುವುದು 2,400 ಮಾತ್ರ. ಒಟ್ಟು 8,100. ಬದಲಾವಣೆ ಆಗದಿದ್ದರೆ ಫ್ಲೆಕ್ಸಿಯವರಿಗೆ 900 ರೂ. ಹೆಚ್ಚು ಹೋಗಿರುತ್ತದೆ. ಅಂದರೆ 900ನ್ನು 3,000ದಿಂದ ಭಾಗಿಸಿ: ಹತ್ತು ಪ್ರಯಾಣದಲ್ಲಿ ಮೂರಕ್ಕಿಂತ ಹೆಚ್ಚು ಸಲ ದಿನ ಬದಲಾಗುವುದಿದ್ದರೆ ಫ್ಲೆಕ್ಸಿ ಲಾಭ, ಕಡಿಮೆಯಿದ್ದರೆ ಸೇವರ್ ಲಾಭ. ಇನ್ನೂ ಒಂದು. ನೀವು ಹೇಗಿದ್ದರೂ ಸೀಟಿಗೆ 400, ತಿಂಡಿಗೆ 400 ಕೊಡುವವರಾದರೆ ನಿಜವಾದ ವ್ಯತ್ಯಾಸ 100 ರೂಪಾಯಿ ಮಾತ್ರ. ಆಗ ಯೋಚನೆಯೇ ಬೇಡ, ಫ್ಲೆಕ್ಸಿ ತೆಗೆಯಿರಿ.

ಈ ಲೆಕ್ಕವನ್ನು ಹೋಗುವ ಟಿಕೆಟ್‌ಗೆ ಹಾಕಿ ನೋಡಿದರೆ ಸಾಮಾನ್ಯವಾಗಿ ಸೇವರ್ ಗೆಲ್ಲುತ್ತದೆ, ಬರುವ ಟಿಕೆಟ್‌ಗೆ ಹಾಕಿದರೆ ಫ್ಲೆಕ್ಸಿ. ಹಣ ವಸೂಲಿಗೆ ಹೋಗುವವರು, ಯಂತ್ರ ಕೂರಿಸಿ ಚಾಲೂ ಮಾಡಿಕೊಡಲು ಹೋಗುವವರು, ಸರಕಾರಿ ಕಚೇರಿಯ ಕೆಲಸಕ್ಕೆ ಹೋಗುವವರು ಬರುವಾಗ ಫ್ಲೆಕ್ಸಿಯನ್ನೇ ಇಟ್ಟುಕೊಳ್ಳಿ. ವಸ್ತುಪ್ರದರ್ಶನ, ತರಬೇತಿ, ಸಭೆ ಎಂದು ದಿನಾಂಕ ಅಚ್ಚಾಗಿರುವ ಕೆಲಸಕ್ಕೆ ಎರಡೂ ಕಡೆ ಸೇವರ್ ಸಾಕು.

ಬದಲಿಸುವುದೋ, ಹಳೆಯದನ್ನು ಬಿಟ್ಟು ಹೊಸದು ಕೊಳ್ಳುವುದೋ ಎಂಬ ಪ್ರಶ್ನೆಯೂ ಬರುತ್ತದೆ. ಇದಕ್ಕೆ ಸುಲಭದ ಅಳತೆ ಇದೆ. ಹಳೆ ಟಿಕೆಟ್‌ನ ಮೂಲದರ, ಅಂದರೆ ತೆರಿಗೆ, ನಿಲ್ದಾಣದ ಶುಲ್ಕ ಕಳೆದ ಮೊತ್ತ, ಬದಲಾವಣೆ ಶುಲ್ಕಕ್ಕಿಂತ ಕಡಿಮೆ ಇದ್ದರೆ ಬದಲಿಸಬೇಡಿ. ಅದನ್ನು ರದ್ದು ಮಾಡಿ, ಬರುವ ತೆರಿಗೆ ಹಣ ವಾಪಸ್ ಪಡೆದು, ಹೊಸ ಟಿಕೆಟ್ ಕೊಳ್ಳಿ. 2,800 ರೂಪಾಯಿಯ ಟಿಕೆಟ್‌ಗೆ 3,000 ಬದಲಾವಣೆ ಶುಲ್ಕ ಕೊಡುವವರು ಈಗಲೂ ಇದ್ದಾರೆ, ಕಾರಣ ಬಿಲ್ಲಿನಲ್ಲಿ ಮೂಲದರ ಎಷ್ಟು, ತೆರಿಗೆ ಎಷ್ಟು ಎಂದು ಯಾರೂ ಬಿಡಿಸಿ ನೋಡುವುದಿಲ್ಲ.

ಬುಕ್ ಮಾಡುವಾಗ, ಈ ಕ್ರಮದಲ್ಲಿ

1. ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಬೆಲೆ ನೋಡಿ. ದೇಶದೊಳಗೆ ಎರಡು ಒನ್-ವೇ ಟಿಕೆಟ್ ಮಾಡಿದರೆ ಸಾಮಾನ್ಯವಾಗಿ ಹೆಚ್ಚಾಗುವುದಿಲ್ಲ, ಬೆಳಿಗ್ಗೆ ಒಂದು ಕಂಪನಿ, ಸಂಜೆ ಇನ್ನೊಂದು ಎಂದು ಹೊತ್ತಿಗೆ ತಕ್ಕಂತೆ ಆರಿಸಬಹುದು. ಎರಡೂ ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ನಂಬರ್) ಇದ್ದರೆ ಹೋಗುವ ವಿಮಾನ ತಪ್ಪಿದಾಗ ಕೆಲವು ಏರ್‌ಲೈನ್‌ಗಳು ಬರುವ ಟಿಕೆಟ್ಟನ್ನೂ ತಾವಾಗಿ ರದ್ದು ಮಾಡುತ್ತವೆ, ಆ ತೊಂದರೆಯೂ ಇರುವುದಿಲ್ಲ. ವಿದೇಶಕ್ಕೆ ಈ ಮಾತು ಅನ್ವಯಿಸುವುದಿಲ್ಲ, ಅಲ್ಲಿ ರಿಟರ್ನ್ ಟಿಕೆಟ್ ಒಟ್ಟಿಗೆ ತೆಗೆಯುವುದೇ ಹೆಚ್ಚು ಸಲ ಅಗ್ಗ.

2. ಮೂರು ಜನ ಹೊರಟಿದ್ದರೆ ಮೊದಲು ಒಬ್ಬರಿಗೆಂದು ಹುಡುಕಿ, ಆಮೇಲೆ ಮೂವರಿಗೆ. ಏರ್‌ಲೈನ್‌ಗಳು ಎಕಾನಮಿ ಸೀಟುಗಳನ್ನು ಹಲವು ಬೆಲೆಯ ಗುಂಪುಗಳಾಗಿ ಹಂಚಿಟ್ಟಿರುತ್ತವೆ. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದರೆ, ಮೂವರಿಗೆ ಒಟ್ಟಿಗೆ ಕೇಳಿದಾಗ ಮೂವರಿಗೂ ಮೇಲಿನ ಬೆಲೆಯೇ ಬರುತ್ತದೆ. ಇಬ್ಬರಿಗೆ ಒಂದು, ಒಬ್ಬರಿಗೆ ಒಂದು ಎಂದು ಬುಕ್ ಮಾಡಿದರೆ ಇಬ್ಬರ ಮಟ್ಟಿಗಾದರೂ ಉಳಿಯುತ್ತದೆ. ಒಬ್ಬರ ಕೆಲಸ ಬೇಗ ಮುಗಿಯುವ ಸಾಧ್ಯತೆ ಇದ್ದರೂ ಅವರ ಪಿಎನ್‌ಆರ್ ಬೇರೆ ಇರುವುದು ಅನುಕೂಲ.

3. ಹೆಸರು ಆಧಾರ್‌ನಲ್ಲಿ ಇರುವಂತೆಯೇ ಹಾಕಿ. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಳ್ಳುವವರೇ ಹೆಚ್ಚು, ಅದೇ ಗೋಜಲು ತರುತ್ತದೆ. ಸರ್‌ನೇಮ್ ಜಾಗ ಖಾಲಿ ಬಿಡಲು ಬಿಡದಿದ್ದರೆ ಇನಿಷಿಯಲ್ ಅನ್ನು ಬಿಡಿಸಿ ತಂದೆಯ ಹೆಸರು ಅಥವಾ ಊರಿನ ಹೆಸರು ಹಾಕಿ, ಗುರುತಿನ ಚೀಟಿಯೂ ಹಾಗೆಯೇ ಇದೆಯೇ ನೋಡಿ. ಏರ್‌ಲೈನ್ ವೆಬ್‌ಸೈಟಿನಲ್ಲೇ ಬುಕ್ ಮಾಡಿ, ಸಣ್ಣ ಅಕ್ಷರ ತಪ್ಪನ್ನು 24 ಗಂಟೆಯೊಳಗೆ ತಿಳಿಸಿದರೆ ಅದನ್ನು ತಿದ್ದಲು ದುಡ್ಡು ಕೇಳುವಂತಿಲ್ಲ. ಒಬ್ಬರ ಟಿಕೆಟ್ಟನ್ನು ಇನ್ನೊಬ್ಬರ ಹೆಸರಿಗೆ ಮಾಡಲು ಮಾತ್ರ ಬರುವುದಿಲ್ಲ. ಸೂಪರ್‌ವೈಸರ್ ಬದಲು ಮ್ಯಾನೇಜರ್ ಹೋಗುವುದಾದರೆ ಹೊಸ ಟಿಕೆಟ್ಟೇ.

4. ಮೊಬೈಲ್ ನಂಬರ್, ಇಮೇಲ್ ಪ್ರಯಾಣ ಮಾಡುವವರದ್ದೇ ಇರಲಿ. ಊರಿನ ಟ್ರಾವೆಲ್ಸ್‌ನವರು ಬುಕ್ ಮಾಡುವಾಗ ಎಷ್ಟೋ ಸಲ ತಮ್ಮ ನಂಬರನ್ನೇ ಹಾಕುತ್ತಾರೆ. ರಾತ್ರಿ 11ಕ್ಕೆ ವಿಮಾನ ಎರಡು ಗಂಟೆ ತಡ ಎಂದು ಮೆಸೇಜ್ ಬಂದರೆ ಅದು ಅವರ ಫೋನಿಗೆ ಹೋಗುತ್ತದೆ, ನೀವು 3 ಗಂಟೆಗೆ ಗುಬ್ಬಿಯಿಂದ ಹೊರಟಿರುತ್ತೀರಿ. ರೀಫಂಡ್ ಕೂಡ ಮೊದಲು ಹೋಗುವುದು ಬುಕ್ ಮಾಡಿದವರ ಖಾತೆಗೆ.

5. ಜಿಎಸ್‌ಟಿ ನಂಬರ್, ಸಂಸ್ಥೆಯ ಹೆಸರು, ಇಮೇಲ್ ಬುಕಿಂಗ್ ಸಮಯದಲ್ಲೇ ಹಾಕಿ. ಆಮೇಲೆ ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಇದರ ವಿವರ ಕೊನೆಯಲ್ಲಿದೆ.

6. ಹಣ ಕಟ್ಟಿದ ಕೂಡಲೇ ಟಿಕೆಟ್ ತೆರೆದು ದಿನಾಂಕ, ಹೊತ್ತು, ಟರ್ಮಿನಲ್ ನೋಡಿ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇವೆ. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ. ದೇಶದೊಳಗಿನ ವಿಮಾನಗಳು ಏರ್‌ಲೈನ್ ಮೇಲೆ ಹಂಚಿಹೋಗಿವೆ. ರಾತ್ರಿ 12:20ರ ವಿಮಾನವಾದರೆ ದಿನಾಂಕವನ್ನು ಎರಡು ಸಲ ನೋಡಿ, 15ನೇ ತಾರೀಖು ಎಂದಿದ್ದರೆ ಮನೆ ಬಿಡಬೇಕಾದ್ದು 14ರ ಸಂಜೆ.

ದೇಶದೊಳಗಿನ ಟಿಕೆಟ್ಟನ್ನು ಹೊರಡುವ ದಿನಕ್ಕೆ ಒಂದು ವಾರಕ್ಕಿಂತ ಹೆಚ್ಚು ಮೊದಲು ಏರ್‌ಲೈನ್‌ನಲ್ಲೇ ನೇರವಾಗಿ ಬುಕ್ ಮಾಡಿದ್ದರೆ, ಮೊದಲ 48 ಗಂಟೆಯಲ್ಲಿ ದಂಡವಿಲ್ಲದೆ ರದ್ದು ಮಾಡಬಹುದು ಅಥವಾ ಬದಲಿಸಬಹುದು. ಬದಲಿಸಿದರೆ ದರದ ವ್ಯತ್ಯಾಸ ಮಾತ್ರ ಕಟ್ಟಬೇಕು. ಇದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ಪಾರ್ಟಿಯ ಒಪ್ಪಿಗೆ ಇನ್ನೂ ಅಡ್ಡಗೋಡೆ ಮೇಲೆ ದೀಪ ಇಟ್ಟಂತಿದ್ದರೆ, ದರ ಏರುವ ಮೊದಲೇ ಟಿಕೆಟ್ ತೆಗೆದು, ಆ 48 ಗಂಟೆಯೊಳಗೆ ತೀರ್ಮಾನ ಮಾಡಿ.

ವರ್ಷಕ್ಕೆ ಹತ್ತಾರು ಪ್ರಯಾಣ ಇರುವ ಸಂಸ್ಥೆಗಳು ಕಾರ್ಪೊರೇಟ್ ಅಥವಾ ಸಣ್ಣ ಉದ್ದಿಮೆಯ ದರಕ್ಕೆ ನೋಂದಾಯಿಸಿಕೊಳ್ಳಬೇಕು. ದೊಡ್ಡ ಕಂಪನಿಯೇ ಆಗಿರಬೇಕೆಂದಿಲ್ಲ, ಜಿಎಸ್‌ಟಿ ನೋಂದಣಿ ಇದ್ದರೆ ಏರ್‌ಲೈನ್‌ಗಳೂ ಮೇಕ್‌ಮೈಟ್ರಿಪ್‌ನ ಮೈಬಿಜ್‌ನಂಥ ತಾಣಗಳೂ ಈ ದರ ಕೊಡುತ್ತವೆ. ಬೆಲೆ ಸೇವರ್‌ಗಿಂತ ತುಸು ಹೆಚ್ಚಿರಬಹುದು, ಆದರೆ ಬದಲಾವಣೆ ಶುಲ್ಕ ಕಡಿಮೆ, ಸೀಟು, ತಿಂಡಿ ಸೇರಿರುವುದುಂಟು. ನರಸಾಪುರ, ವೇಮಗಲ್ ಕಡೆಯ ಬಿಡಿಭಾಗ ತಯಾರಕರು ಫ್ಲೆಕ್ಸಿಗೆ ಮೊದಲು ಇದನ್ನು ನೋಡಲಿ. ಈ ದರದಲ್ಲಿ ಹೊರಟವರ ಬಳಿ ಸಂಸ್ಥೆಯ ಗುರುತಿನ ಚೀಟಿ ಇರಲಿ, ಕೇಳಬಹುದು. ಮನೆಯವರಿಗೆ ಈ ದರದಲ್ಲಿ ಟಿಕೆಟ್ ಮಾಡಬೇಡಿ.

ಸೀಟು: ಯಾವಾಗ ದುಡ್ಡು ಕೊಡಬೇಕು

ಮೊದಲು ವಿಮಾನ ಯಾವುದು ನೋಡಿ. ಟಿಕೆಟ್ ವಿವರದಲ್ಲೇ ಬರೆದಿರುತ್ತದೆ. ಏರ್‌ಬಸ್ ಎ320, ಎ321 ಮತ್ತು ಬೋಯಿಂಗ್ 737ರಲ್ಲಿ ಒಂದು ಸಾಲಿಗೆ ಆ ಕಡೆ ಮೂರು, ಈ ಕಡೆ ಮೂರು ಸೀಟು. ಎ ಮತ್ತು ಎಫ್ ಕಿಟಕಿ, ಬಿ ಮತ್ತು ಇ ನಡುವೆ, ಸಿ ಮತ್ತು ಡಿ ಐಲ್, ಅಂದರೆ ಓಡಾಡುವ ದಾರಿಯ ಪಕ್ಕ. ಎಟಿಆರ್ ಎಂಬ ಚಿಕ್ಕ ವಿಮಾನದಲ್ಲಿ ಎರಡು-ಎರಡು. ಸ್ಟಾರ್ ಏರ್‌ನ ಎಂಬ್ರೇಯರ್ 175ರ ಎಕಾನಮಿಯಲ್ಲೂ ಎರಡು-ಎರಡು, ನಡುವಿನ ಸೀಟೆಂಬುದೇ ಇಲ್ಲ. ಈ ಎರಡು ವಿಮಾನಗಳಲ್ಲಿ ನಡುವೆ ಸಿಕ್ಕಿಹಾಕಿಕೊಳ್ಳುವ ಭಯಕ್ಕೆ ಸೀಟಿಗೆ ದುಡ್ಡು ಕೊಡಬೇಕಾಗಿಲ್ಲ.

ಎಟಿಆರ್‌ನಲ್ಲಿ ಹೊಸಬರು ಮಾಡುವ ತಪ್ಪು ಒಂದಿದೆ. ಬೇಗ ಇಳಿಯಬೇಕೆಂದು ಹೆಚ್ಚು ದುಡ್ಡು ಕೊಟ್ಟು ಮುಂದಿನ ಸಾಲು ಹಿಡಿಯುತ್ತಾರೆ. ಆ ವಿಮಾನದಲ್ಲಿ ಪ್ರಯಾಣಿಕರು ಹತ್ತಿ ಇಳಿಯುವ ಬಾಗಿಲು ಹಿಂದಿದೆ, ಮುಂದೆ ಸರಕಿನ ಜಾಗ. ಮುಂದೆ ಕೂತವರೇ ಕೊನೆಗೆ ಇಳಿಯುವುದು. ಅದರ ತಲೆ ಮೇಲಿನ ಖಾನೆಯೂ ಚಿಕ್ಕದು. ಗಾಲಿಯಿರುವ ಕ್ಯಾಬಿನ್ ಬ್ಯಾಗನ್ನು ಮೆಟ್ಟಿಲ ಬಳಿ ಪಡೆದು ವಿಮಾನದ ಲಗೇಜ್ ಜಾಗಕ್ಕೆ ಹಾಕುತ್ತಾರೆ. ಲ್ಯಾಪ್‌ಟಾಪ್, ಪವರ್ ಬ್ಯಾಂಕ್ ಮೊದಲೇ ಕೈಗೆ ತೆಗೆದುಕೊಳ್ಳಿ.

ದೊಡ್ಡ ವಿಮಾನದಲ್ಲಿ ಮುಂದಿನ ಸಾಲಿನ ಸೀಟಿಗೆ ದುಡ್ಡು ಕೊಡುವುದು ಎರಡು ಸಂದರ್ಭದಲ್ಲಿ ಸಾರ್ಥಕ: ಇಳಿದ ಕೂಡಲೇ ಮೀಟಿಂಗ್ ಇದ್ದು ಚೆಕ್-ಇನ್ ಲಗೇಜ್ ಇಲ್ಲದಿದ್ದಾಗ, ಅಥವಾ ರಾತ್ರಿ ಕೊನೆಯ ವಿಮಾನದಲ್ಲಿ ಬಂದು ತುಮಕೂರಿಗೋ ಚಿಂತಾಮಣಿಗೋ ಇನ್ನೂ ರಸ್ತೆ ಸವೆಸಬೇಕಾದಾಗ. ಬೆಲ್ಟಿನ ಬಳಿ ಲಗೇಜ್‌ಗೆ ಕಾಯುವವರು ಮೊದಲ ಸಾಲಿಗೆ ದುಡ್ಡು ಕೊಟ್ಟರೆ ಅದು ವ್ಯರ್ಥ, 28ನೇ ಸಾಲಿನವರೂ ಅದೇ ಬೆಲ್ಟಿಗೆ ಬಂದು ನಿಲ್ಲುತ್ತಾರೆ. ವಿಮಾನ ಟರ್ಮಿನಲ್‌ನಿಂದ ದೂರ ನಿಂತು ಬಸ್ಸಿನಲ್ಲಿ ಕರೆದೊಯ್ಯುವಾಗ ಹಿಂದಿನ ಬಾಗಿಲನ್ನೂ ತೆರೆಯುವುದುಂಟು. ಆಗ ಕೊನೆಯ ಐದಾರು ಸಾಲಿನವರು ಮುಂದಿನವರಷ್ಟೇ ಬೇಗ ಇಳಿಯುತ್ತಾರೆ. ಟರ್ಮಿನಲ್‌ಗೇ ಜೋಡಿಸುವ ಏರೋಬ್ರಿಡ್ಜ್ ಆದರೆ ಮುಂದಿನ ಬಾಗಿಲು ಮಾತ್ರ.

ಎಮರ್ಜೆನ್ಸಿ ಎಕ್ಸಿಟ್ ಸಾಲಿನಲ್ಲಿ ಕಾಲು ಚಾಚಲು ಜಾಗ ಇರುತ್ತದೆ, ಎತ್ತರದವರಿಗೆ ಅದು ದುಡ್ಡಿಗೆ ತಕ್ಕ ಸೀಟು. ಆದರೆ ಷರತ್ತುಗಳಿವೆ. ಆರೋಗ್ಯವಂತ ವಯಸ್ಕರಾಗಿರಬೇಕು, ಸಿಬ್ಬಂದಿಯ ಸೂಚನೆ ಅರ್ಥವಾಗಬೇಕು, ಬೇಕಾದರೆ ಬಾಗಿಲು ತೆಗೆಯಲು ಒಪ್ಪಬೇಕು. ಗರ್ಭಿಣಿಯರು, ಮಕ್ಕಳ ಜೊತೆ ಇರುವವರು, ಬೆಲ್ಟ್‌ಗೆ ಹೆಚ್ಚುವರಿ ತುಂಡು ಬೇಕಾದವರು ಅಲ್ಲಿ ಕೂರುವಂತಿಲ್ಲ. ದುಡ್ಡು ಕೊಟ್ಟಿದ್ದರೂ ಎಬ್ಬಿಸಿ ಬೇರೆ ಕಡೆ ಕೂರಿಸುತ್ತಾರೆ. ಎ320ಯಲ್ಲಿ ರೆಕ್ಕೆಯ ಮೇಲೆ ಎರಡು ಎಕ್ಸಿಟ್ ಸಾಲುಗಳಿರುತ್ತವೆ. ಮುಂದಿನ ಸಾಲಿನ ಸೀಟು ಹಿಂದಕ್ಕೆ ಬಾಗುವುದಿಲ್ಲ, ಬಾಗಿದರೆ ಹಿಂದಿನ ದಾರಿಗೆ ಅಡ್ಡ. ಎರಡರಲ್ಲಿ ಹಿಂದಿನದನ್ನು ಆರಿಸಿ. ಈ ಸಾಲಿನಲ್ಲೂ ಮೊದಲ ಸಾಲಿನಲ್ಲೂ ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಬ್ಯಾಗನ್ನು ಕಾಲ ಬಳಿ ಇಡುವಂತಿಲ್ಲ, ಮೇಲಿನ ಖಾನೆಗೇ ಹೋಗಬೇಕು. ಕೊಟೇಶನ್ ಫೈಲು ನೋಡುತ್ತ ಹೋಗಬೇಕೆಂದಿರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರಿಗೆ ಬಿಸಿಲಿನ ಲೆಕ್ಕ ದೊಡ್ಡದು. ಬೆಂಗಳೂರಿನಿಂದ ದೆಹಲಿಗೆ ವಿಮಾನ ಉತ್ತರಕ್ಕೆ ಹೋಗುತ್ತದೆ. ಬೆಳಿಗ್ಗೆ ಬಿಸಿಲು ಬಲಗಡೆ ಬೀಳುತ್ತದೆ, ಆದ್ದರಿಂದ ಎಡಗಡೆಯ ಎ, ಬಿ, ಸಿ ನೆರಳು. ಸಂಜೆ ದೆಹಲಿಯಿಂದ ದಕ್ಷಿಣಕ್ಕೆ ಬರುವಾಗ ಪಶ್ಚಿಮ ಬಲಕ್ಕೆ ಬರುತ್ತದೆ, ಆಗಲೂ ಎಡಗಡೆಯೇ ನೆರಳು. ಕೆಲಸ ಮಾಡುವವರಿಗೆ ನಮ್ಮ ಸಲಹೆ ಎಡಗಡೆಯ ಐಲ್, ಅಂದರೆ ಸಿ. ಮುಂದಿನವರು ಸೀಟು ಬಾಗಿಸಿದರೆ ಲ್ಯಾಪ್‌ಟಾಪ್ ತೆರೆ ಅರ್ಧ ಮುಚ್ಚಿದಂತಾಗುತ್ತದೆ, ಹಾಗಾಗದಿರಲು ಬಾಗದ ಸೀಟಿನ ಹಿಂದೆ ಕೂರುವುದು ಬಲ್ಲವರ ಉಪಾಯ. ಎ320ಯ ಎರಡನೇ ಎಕ್ಸಿಟ್ ಸಾಲು ಇಲ್ಲಿಯೂ ಉತ್ತರ.

ಕೊನೆಯ ಸಾಲು ಪುಕ್ಕಟೆ ಸಿಕ್ಕರೂ ಬೇಡ. ಬಾಗುವುದಿಲ್ಲ, ಹಿಂದೆಯೇ ಶೌಚಾಲಯ, ಪಕ್ಕದಲ್ಲೇ ಸಾಲು ನಿಂತವರು.

ಸೀಟಿಗೆ ದುಡ್ಡು ಕೊಡದವರಿಗೆ ವೆಬ್ ಚೆಕ್-ಇನ್‌ನಲ್ಲಿ ಉಳಿದದ್ದು ಬರುತ್ತದೆ, ಅದು ಹೆಚ್ಚಾಗಿ ನಡುವಿನದು. ಹೆಚ್ಚಿನ ಏರ್‌ಲೈನ್‌ಗಳಲ್ಲಿ ವೆಬ್ ಚೆಕ್-ಇನ್ 48 ಗಂಟೆ ಮೊದಲು ತೆರೆಯುತ್ತದೆ. ಪುಕ್ಕಟೆ ಸೀಟು ಬೇಕಿದ್ದವರು ತೆರೆದ ಹೊತ್ತಿಗೇ ಮಾಡಿ. ಪುಟದಲ್ಲಿ ಬೆಲೆಯಿರುವ ಸೀಟುಗಳೇ ಎದ್ದು ಕಾಣುವಂತೆ ಇಟ್ಟಿರುತ್ತಾರೆ, ಸೀಟು ಆರಿಸದೆ ಮುಂದುವರಿಯುವ ದಾರಿ ಕೆಳಗೆಲ್ಲೋ ಇರುತ್ತದೆ. ದುಡ್ಡು ಕೊಡದೆ ಪ್ರಯಾಣಿಸಲು ಆಗುವುದೇ ಇಲ್ಲ ಎಂದು ಗಾಬರಿಯಾಗಬೇಡಿ. ಹಾಗೆಂದು ಚೆಕ್-ಇನ್ ಕೊನೆಗೆ ಬಿಡಬೇಡಿ. ವಿಮಾನದಲ್ಲಿ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದ್ದರೆ, ಸೀಟು ನಂಬರ್ ಇಲ್ಲದೆ ಕೊನೆಗೆ ಬಂದವರೇ ಮೊದಲು ಇಕ್ಕಟ್ಟಿಗೆ ಸಿಗುತ್ತಾರೆ.

ದುಡ್ಡು ಕೊಟ್ಟು ತೆಗೆದ ಸೀಟನ್ನು ಏರ್‌ಲೈನ್ ತಾನೇ ಬದಲಿಸಿದರೆ, ಉದಾಹರಣೆಗೆ ವಿಮಾನವೇ ಬೇರೆಯಾಗಿ ಎಕ್ಸಿಟ್ ಸಾಲು ಹೋಗಿ ನಡುವಿನ ಸೀಟು ಬಂದರೆ, ಆ ಶುಲ್ಕವನ್ನು ಬರವಣಿಗೆಯಲ್ಲಿ ವಾಪಸ್ ಕೇಳಿ. ಹಳೆಯ ರಸೀದಿಯನ್ನೂ ಹೊಸ ಬೋರ್ಡಿಂಗ್ ಪಾಸನ್ನೂ ಜೊತೆಗೆ ಕಳಿಸಿ. ನೀವಾಗಿ ದಿನಾಂಕ ಬದಲಿಸಿದ್ದರೆ ಸೀಟಿನ ದುಡ್ಡು ಸಾಮಾನ್ಯವಾಗಿ ಹೋದಂತೆಯೇ. ಆದ್ದರಿಂದ ಬರುವ ಪ್ರಯಾಣದ ಸೀಟನ್ನು ಬುಕಿಂಗ್ ದಿನವೇ ಕೊಳ್ಳಬೇಡಿ, ಹೊರಡುವುದು ಖಚಿತವಾದ ಮೇಲೆ ಕೊಳ್ಳಿ.

ಬಿಸಿನೆಸ್, ಪ್ರೀಮಿಯಂ ಎಕಾನಮಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೂವರೆ ಗಂಟೆಯ ಮುಂಬೈ ಪ್ರಯಾಣಕ್ಕೆ ಬೇಡ. ದೆಹಲಿಗೆ ಹೋಗಿ ಅದೇ ದಿನ ವಾಪಸ್ ಬರುವವರು, ಬೆನ್ನು ನೋವಿರುವವರು ಯೋಚಿಸಬಹುದು. ಎಕಾನಮಿಗೆ ಜಿಎಸ್‌ಟಿ ಶೇ. 5, ಇವುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18 ಎಂಬುದು ನೆನಪಿರಲಿ.

ಲಗೇಜ್‌ನಲ್ಲಿ ನಮ್ಮ ಕಡೆಯವರು ಸಿಕ್ಕಿಬೀಳುವುದು

ತಿಪಟೂರಿನ ವರ್ತಕರು ಕೊಬ್ಬರಿ ಸ್ಯಾಂಪಲ್ ಒಯ್ಯುವ ಯೋಚನೆ ಬಿಡಿ. ಎಣ್ಣೆಯಂಶದ ಕಾರಣ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂದು ಒಣ ಕೊಬ್ಬರಿಯನ್ನು ಚೆಕ್-ಇನ್ ಲಗೇಜ್‌ನಲ್ಲಿ ನಿಷೇಧಿಸಿದ್ದಾರೆ. ಸ್ಯಾಂಪಲ್ಲನ್ನು ರಸ್ತೆ ಮೂಲಕ ಮುಂಚೆಯೇ ಕಳಿಸಿ. ಶಿಡ್ಲಘಟ್ಟದ ರೇಷ್ಮೆ ನೂಲಿಗೆ ತೊಂದರೆಯಿಲ್ಲ. ಸ್ಪ್ಯಾನರ್, ದೊಡ್ಡ ಸ್ಕ್ರೂಡ್ರೈವರ್, ಚೂಪಾದ ಗೇಜು ಕ್ಯಾಬಿನ್‌ಗೆ ಬರುವುದಿಲ್ಲ, ಚೆಕ್-ಇನ್‌ಗೆ ಹಾಕಿ. ಪವರ್ ಬ್ಯಾಂಕ್ ಇದಕ್ಕೆ ತದ್ವಿರುದ್ಧ, ಕೈಚೀಲದಲ್ಲೇ ಇರಬೇಕು. ಬಿಡಿಭಾಗದ ಪೆಟ್ಟಿಗೆ 15 ಕಿಲೋ ಮೀರುವುದು ಗೊತ್ತಿದ್ದರೆ ಹೆಚ್ಚುವರಿ ತೂಕವನ್ನು ಆನ್‌ಲೈನ್‌ನಲ್ಲೇ ಕೊಳ್ಳಿ, ಕೌಂಟರ್‌ನಲ್ಲಿ ಕಿಲೋ ಲೆಕ್ಕದಲ್ಲಿ ಕಟ್ಟುವುದು ದುಬಾರಿ. 25 ಕಿಲೋ ಕೊಡುವ ಮೇಲಿನ ದರ ಇದ್ದರೆ ಅದನ್ನೂ ಪಕ್ಕದಲ್ಲಿಟ್ಟು ಹೋಲಿಸಿ, ಎಷ್ಟೋ ಸಲ ಆ ದರವೇ ಅಗ್ಗವಾಗುತ್ತದೆ.

ಕೆಲಸ ಮುಗಿಯಲಿಲ್ಲ, ಈಗೇನು

ಮೀಟಿಂಗ್ ನಡೆಯುತ್ತಿರುವಾಗಲೇ ಗಡಿಯಾರ ನೋಡಿಕೊಳ್ಳಿ. ಬದಲಾವಣೆ, ರದ್ದತಿಗೆ ಗಡುವು ಇರುತ್ತದೆ, ಏರ್‌ಲೈನ್ ಮೇಲೆ ಹೊರಡುವುದಕ್ಕೆ 2ರಿಂದ 4 ಗಂಟೆ ಮೊದಲು. ಅದು ದಾಟಿದರೆ ನೋ-ಶೋ, ಅಂದರೆ ಬಾರದೆ ಉಳಿದವರ ಲೆಕ್ಕ, ಫ್ಲೆಕ್ಸಿಯೂ ಕೈ ಹಿಡಿಯದಿರಬಹುದು. ಸಂಜೆ 8ರ ವಿಮಾನವಾದರೆ 3:30ಕ್ಕೆ ಫೋನಿನಲ್ಲಿ ಅಲಾರಂ ಇಡಿ. ಆ ಹೊತ್ತಿಗೆ ಪಾರ್ಟಿ ಇನ್ನೂ ಬಂದಿರದಿದ್ದರೆ ಅಲ್ಲೇ ಬದಲಿಸಿ, ಬರುತ್ತಾರೇನೋ ಎಂದು ಕಾಯಬೇಡಿ. ವೆಬ್ ಚೆಕ್-ಇನ್ ಆಗಿದ್ದರೆ ಕೆಲವು ಕಡೆ ಮೊದಲು ಅದನ್ನು ರದ್ದು ಮಾಡಬೇಕಾಗುತ್ತದೆ. ಬದಲಾವಣೆ, ರದ್ದತಿ ಶುಲ್ಕ ಹೊರಡುವ ದಿನ ಹತ್ತಿರ ಬಂದಷ್ಟೂ ಹೆಚ್ಚು, ಕೊನೆಯ ಮೂರು-ನಾಲ್ಕು ದಿನದಲ್ಲಿ ಸಾಮಾನ್ಯವಾಗಿ ಅತಿ ಹೆಚ್ಚು.

ರದ್ದು ಮಾಡಿದಾಗ ಏರ್‌ಲೈನ್ ಹಿಡಿದುಕೊಳ್ಳುವ ಮೊತ್ತ ಮೂಲದರ ಮತ್ತು ಇಂಧನ ಶುಲ್ಕವನ್ನು ಮೀರುವಂತಿಲ್ಲ. ತೆರಿಗೆ, ನಿಲ್ದಾಣದ ಬಳಕೆದಾರ ಶುಲ್ಕ ವಾಪಸ್ ಕೊಡಲೇಬೇಕು, ನೋ-ಶೋ ಆದರೂ. ಟ್ರಾವೆಲ್ಸ್ ಮೂಲಕ ತೆಗೆದ ಟಿಕೆಟ್‌ಗಳಲ್ಲಿ ಈ ಸಣ್ಣ ಮೊತ್ತ ಯಾರೂ ಕೇಳದೆ ಉಳಿದುಬಿಡುತ್ತದೆ. ಕೇಳಿ.

ತಪ್ಪು ಏರ್‌ಲೈನ್‌ನದಾದರೆ ಲೆಕ್ಕ ಬೇರೆ. 6 ಗಂಟೆಗಿಂತ ಹೆಚ್ಚು ತಡವಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು. ಹೊತ್ತಿಗೆ ಸರಿಯಾಗಿ ಬಂದಿದ್ದೂ ಸೀಟಿಲ್ಲವೆಂದು ಬಿಟ್ಟುಹೋದರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಟ್ಟರೆ ಪರಿಹಾರವಿಲ್ಲ, 24 ಗಂಟೆಯೊಳಗಿನದು ಕೊಟ್ಟರೆ ಒನ್-ವೇ ಮೂಲದರ ಮತ್ತು ಇಂಧನ ಶುಲ್ಕದ ಶೇ. 200, ಗರಿಷ್ಠ 10,000 ರೂ., ಅದಕ್ಕೂ ತಡವಾದರೆ ಶೇ. 400, ಗರಿಷ್ಠ 20,000 ರೂ. ಮೇಲಿನ ದರ್ಜೆಯ ಟಿಕೆಟ್ ತೆಗೆದವರನ್ನು ಕೆಳಗಿನ ದರ್ಜೆಯಲ್ಲಿ ಕೂರಿಸಿದರೆ, ದೇಶದೊಳಗೆ ತೆರಿಗೆ ಸೇರಿ ಟಿಕೆಟ್ ಬೆಲೆಯ ಶೇ. 75 ವಾಪಸ್. ಇದು 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ಮಂಜು, ಬಿರುಗಾಳಿಯಂಥ ಕಾರಣಕ್ಕೆ ತಡವಾದರೆ ಪರಿಹಾರದ ಹಣ ಬರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ದೆಹಲಿಗೆ ಬೆಳಗಿನ ವಿಮಾನ ಬೇಡ ಎನ್ನುವುದು ಇದೇ ಕಾರಣಕ್ಕೆ.

ಪ್ರಯಾಣ ಮುಗಿದ ಮೇಲೆ ಜಿಎಸ್‌ಟಿ

ವ್ಯವಹಾರಕ್ಕಾಗಿ ಹೋದ ಪ್ರಯಾಣದ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ವಜಾ ಮಾಡಿಕೊಳ್ಳುವುದು) ಪಡೆಯಬಹುದು, ಎಕಾನಮಿಯ ಶೇ. 5ಕ್ಕೂ. ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿರುವವರಿಗೆ ಮಾತ್ರ ಇಲ್ಲ. ಬೋರ್ಡಿಂಗ್ ಪಾಸ್ ಆಗಲಿ, ಟ್ರಾವೆಲ್ಸ್‌ನವರ ಬಿಲ್ಲಾಗಲಿ ಇದಕ್ಕೆ ಸಾಲದು. ಏರ್‌ಲೈನ್ ನಿಮ್ಮ ನಂಬರಿಗೆ ಕೊಟ್ಟ ಇನ್‌ವಾಯ್ಸ್ ಬೇಕು. ಏರ್‌ಲೈನ್ ವೆಬ್‌ಸೈಟಿನಲ್ಲಿ ಪಿಎನ್‌ಆರ್ ಹಾಕಿ ಇಳಿಸಿಕೊಳ್ಳಬಹುದು. ಬುಕಿಂಗ್ ತಾಣದ ಕನ್ವೀನಿಯೆನ್ಸ್ ಶುಲ್ಕಕ್ಕೆ ಶೇ. 18 ಜಿಎಸ್‌ಟಿ ಇರುತ್ತದೆ, ಅದರ ಇನ್‌ವಾಯ್ಸ್ ಆ ತಾಣದಿಂದ ಬೇರೆಯಾಗಿ ಬರುತ್ತದೆ.

ಪ್ರತಿ ತಿಂಗಳು 14ರಂದು ಜಿಎಸ್‌ಟಿ ತಾಣದಲ್ಲಿ ಬರುವ ಕ್ರೆಡಿಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಈ ಇನ್‌ವಾಯ್ಸ್ ಕಾಣಿಸಿದೆಯೇ ಎಂದು ನಿಮ್ಮ ಲೆಕ್ಕಿಗರಿಗೆ ನೋಡಲು ಹೇಳಿ. ಕಾಣಿಸದಿದ್ದರೆ ಬುಕಿಂಗ್‌ನಲ್ಲಿ ಹಾಕಿದ 15 ಅಕ್ಷರದ ನಂಬರಿನಲ್ಲಿ ಒಂದು ತಪ್ಪಿರುವುದೇ ಹೆಚ್ಚು ಸಲ ಕಾರಣ. ಕೂಡಲೇ ಏರ್‌ಲೈನ್‌ಗೆ ಬರೆಯಿರಿ. ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದು ದಾಟಿದರೆ ಆ ಕ್ರೆಡಿಟ್ ಸಿಗುವುದಿಲ್ಲ. ರದ್ದಾದ ಟಿಕೆಟ್‌ಗೆ ಏರ್‌ಲೈನ್ ಕ್ರೆಡಿಟ್ ನೋಟ್ ಹಾಕುತ್ತದೆ, ಮೊದಲೇ ಕ್ರೆಡಿಟ್ ಪಡೆದಿದ್ದರೆ ಅಷ್ಟನ್ನು ಅದೇ ತಿಂಗಳ ರಿಟರ್ನ್‌ನಲ್ಲಿ ಹಿಂತಿರುಗಿಸಬೇಕು.